ಹಾಗಲಕಾಯಿ ಹೆಣಿಗೆಯ ಅತ್ತೆ

ಮನುಷ್ಯ ಸಮಾಜವು ನಂಬಿಕೆಯ ಮೇಲೆ ನಿಂತಿದೆ ಎಂದು ತಿಳಿದವರು ಹೇಳುತ್ತಾರೆ. ಎಲ್ಲಿ ನಿಂತಿದೆ, ಯಾವ ಬೀದಿಯಲ್ಲಿ, ಯಾರ ಮನೆ ಮುಂದೆ ಎಂದು ಎಡಗಣ್ಣು ಮುಚ್ಚಿ ಕೇಳುತ್ತಿದ್ದವರು ನಮ್ಮ ಅತ್ತೆ. ಆ ಎಡಗಣ್ಣಿಗೆ ಯಾವ ರೋಗವೂ ಇರಲಿಲ್ಲ. ಸೂಜಿಗೆ ದಾರ ಪೋಣಿಸುವವರು ಒಂದು ಕಣ್ಣು ಮುಚ್ಚಿಕೊಳ್ಳುವಂತೆ, ಎದುರಿನವನ ಮಾತು ಕೇಳುವಾಗ ಅತ್ತೆ ಅದನ್ನು ಮುಚ್ಚುತ್ತಿದ್ದರು. ಜೊತೆಗೆ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಉಜ್ಜುತ್ತಿದ್ದರು. ನೀವು ಆಡಿದ ಮಾತನ್ನು ಬಟ್ಟೆಯ ಹಾಗೆ ಹಿಡಿದು, ಇದಕ್ಕೆ ಗಂಜಿ ಎಷ್ಟು ಹಾಕಿದ್ದಾರೆಂದು ನೋಡುವ ಹಾಗೆ. ಆ ಉಜ್ಜುವಿಕೆಯ ಎದುರು ನಿಜ ಹೇಳುತ್ತಿದ್ದವನಿಗೂ ತಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿಬಿಡುತ್ತಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ತಮಿಳು ಸೀಮೆಯ ಹನುಮಂತನಪಟ್ಟಿಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಅವರ ಮನೆ, ಊರ ಹೊರಗೆ ಒಂದು ದ್ರಾಕ್ಷಿ ತೋಟ. ಸ್ವಂತ ತೋಟದ ದ್ರಾಕ್ಷಿಯನ್ನೂ ಅವರು ಉಪ್ಪುನೀರಿನಲ್ಲಿ ನೆನೆಹಾಕಿ, ತೊಳೆದು, ಬೆಳಕಿಗೆ ಹಿಡಿದು ನೋಡಿ ತಿನ್ನುತ್ತಿದ್ದರು. ನಮ್ಮದೇ ತೋಟ ಅಲ್ಲವೇ ಅತ್ತೆ ಎಂದು ಒಮ್ಮೆ ಕೇಳಿದ್ದಕ್ಕೆ, "ಅದಕ್ಕೇ ತೊಳೀತಿರೋದು. ಮದ್ದು ಹೊಡೆಸಿದ್ದು ಯಾರೂಂತ ನಂಗೆ ಗೊತ್ತು" ಎಂದರು. ಮದ್ದು ಹೊಡೆಸಿದ್ದು ಅವರೇ.

ನಾನು ಕಂಬಂ ಬಸ್ ನಿಲ್ದಾಣದಲ್ಲಿ ಟೈಂಕೀಪರ್ ಆಗಿ ನಿವೃತ್ತನಾದವನು. ಚಾಲಕರು ತಡವಾದುದಕ್ಕೆ ಹೇಳುವ ಕಾರಣಗಳನ್ನು ನಂಬದೆ ಇರುವುದಕ್ಕೇ ಸರ್ಕಾರ ನನಗೆ ಸಂಬಳ ಕೊಟ್ಟಿತು. ಆದ್ದರಿಂದ ಅನುಮಾನದ ವಿಷಯದಲ್ಲಿ ನಾನೂ ಸ್ವಲ್ಪ ಪಳಗಿದವನೆಂಬ ಅಭಿಮಾನ ನನಗಿತ್ತು. ಆದರೆ ನಾನೇ ಸೀಟಿ ಊದಿ ಕಳಿಸುವ ತೇನಿ ಬಸ್ಸನ್ನು ಅತ್ತೆ ಹತ್ತುವ ರೀತಿ ನೋಡಿದ ಮೇಲೆ ಆ ಅಭಿಮಾನ ಉಳಿಯಲಿಲ್ಲ. ಮೊದಲು ಹಲಗೆಯನ್ನು ಯಾರಿಂದಲಾದರೂ ಓದಿಸುವುದು. ಆಮೇಲೆ ಕಂಡಕ್ಟರನ್ನು ಕೇಳುವುದು. ಆಮೇಲೆ ಕಿಟಕಿ ಪಕ್ಕ ಕೂತಿರುವ ಯಾರಾದರೂ ಹೆಂಗಸನ್ನು, ಕಂಡಕ್ಟರಿಗೆ ಕೇಳಿಸದ ಹಾಗೆ, ಕೇಳುವುದು. ಎಲ್ಲರ ಹೇಳಿಕೆಗಳೂ ಹೊಂದಿದರೆ ಮಾತ್ರ ಹತ್ತುವುದು. ಹತ್ತಿದ ಮೇಲೂ ತೇನಿ ಹತ್ತಿರದ ವೀರಪಾಂಡಿ ಬರುವವರೆಗೆ ಸೀಟಿನ ತುದಿಯಲ್ಲೇ ಕೂರುವುದು.

ಇಂಥವರು ನನ್ನನ್ನು ಕರೆದು ಒಂದು ವಿದ್ಯೆ ಹೇಳಿಕೊಡುತ್ತೇನೆ ಎಂದಾಗ ನನಗೂ ಅನುಮಾನ ಬಂದದ್ದರಲ್ಲಿ ತಪ್ಪೇನು?

ವಿದ್ಯೆ ಏನೆಂದರೆ ಕ್ರೋಶಾ. ಕೊಕ್ಕೆ ಇರುವ ಒಂದು ಕಡ್ಡಿ ಹಿಡಿದು ನೂಲನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಎಳೆಯುತ್ತಾ ಬಟ್ಟೆ ಮಾಡುವ ಕೆಲಸ. ಬಾಗಿಲ ತೋರಣ, ಟೀವಿಯ ಮುಸುಕು, ಮೊಮ್ಮಗಳ ಟೋಪಿ, ಎಲ್ಲವನ್ನೂ ಅತ್ತೆ ಹಾಕುತ್ತಿದ್ದರು. ಎಲ್ಲಿ ಕಲಿತರೆಂಬುದು ಯಾರಿಗೂ ತಿಳಿಯದು. ಕೇಳಿದವರಿಗೆಲ್ಲ ಒಂದೊಂದು ಉತ್ತರ: ಒಬ್ಬರಿಗೆ ಕೊಡೈಕನಾಲಿನ ಯಾರೋ ದೊರೆಸಾನಿ, ಇನ್ನೊಬ್ಬರಿಗೆ ದಿಂಡಿಗಲ್ ಆಸ್ಪತ್ರೆಯ ನರ್ಸಮ್ಮ. ನಾನು ಕೇಳಿದಾಗ "ನಿಂಗ್ಯಾಕೆ?" ಎಂದರು. ಅದೊಂದೇ ನಿಜವಾದ ಉತ್ತರವಾಗಿದ್ದಿರಬೇಕು.

"ನನ್ನ ಬೆರಳು ಮಡಚಿದ್ರೆ ಬಿಚ್ಚಲ್ಲೆ, ಮಾಪ್ಳೆ" ಎಂದು ಅವರು ಕೈ ತೋರಿಸಿದರು. ತಮ್ಮನ ಮಗನನ್ನು ನಮ್ಮಲ್ಲಿ ಹಾಗೆಯೇ ಅಳಿಯನ ಲೆಕ್ಕದಲ್ಲಿ ಕರೆಯುವುದು. ಅವರಿಗೆ ಹೆಣ್ಣುಮಕ್ಕಳಿಲ್ಲದಿದ್ದುದರಿಂದ ಕರೆಯುವುದಷ್ಟಕ್ಕೇ ನಿಂತಿತ್ತು. "ಅರ್ಧ ಆಗ್ಯದೆ. ಇನ್ನರ್ಧ ನೀ ಹಾಕ್ಬೇಕು."

ಮನೆಯಲ್ಲಿ ಸೊಸೆ ಇದ್ದಾಳೆ, ಬೀದಿ ತುಂಬ ಹೆಂಗಸರಿದ್ದಾರೆ, ಅವರನ್ನೆಲ್ಲ ಬಿಟ್ಟು ನಾನೇಕೆ ಎಂದು ಕೇಳಿದೆ.

"ಹೆಂಗಸರಿಗೆ ಕಲಿಸಿದ್ರೆ ಒಂದೇ ವಾರದಲ್ಲಿ ನನಗಿಂತ ಚೆಂದಾಗಿ ಹಾಕ್ತಾರೆ. ನಿನ್ನ ಹತ್ರ ಆ ಬಯ ಇಲ್ಲೆ."

ಹೀಗೆ ನನ್ನ ಯೋಗ್ಯತೆ ಇತ್ಯರ್ಥವಾದ ಮೇಲೆ ಬಾಗಿಲು ಹಾಕಿಕೊಂಡು ಬರಲು ಹೇಳಿದರು. ಕೋಣೆಯ ಮೂಲೆಯಲ್ಲಿ, ಭತ್ತದ ಮೂಟೆಗಳ ಹಿಂದೆ, ಹಳೆಯ ಸೀರೆಯಲ್ಲಿ ಸುತ್ತಿದ್ದ ಕಪ್ಪು ಗಂಟೊಂದನ್ನು ಎಳೆದು ಬಿಚ್ಚಿದರು. ಕುರಿಯ ವಾಸನೆ ಕೋಣೆಯೆಲ್ಲ ತುಂಬಿತು. ಅದು ಅರ್ಧ ಕಂಬಳಿ.

ಇಲ್ಲಿ ಕಂಬಳಿಯ ಮಹಿಮೆಯನ್ನು ಹೇಳದೆ ಮುಂದೆ ಹೋಗಲಾಗದು. ಕನ್ನಡ ಸೀಮೆಯಿಂದ ಕಂಬಂ ಕಣಿವೆಗೆ ನಮ್ಮ ಹಿರಿಯರು ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ನೆನಪಿಲ್ಲ. ಬರುವಾಗ ತಂದದ್ದರಲ್ಲಿ ಭಾಷೆ ಅರ್ಧ ಸವೆದಿದೆ. ಕಂಬಳಿ ಮಾತ್ರ ಉಳಿದಿದೆ. ನಮ್ಮ ಮನೆತನದಲ್ಲಿ ಹೆಣ್ಣು ಗಂಡಿನ ಮಾತು ನಿಶ್ಚಯವಾಗುವ ದಿನ ನೆಲದ ಮೇಲೆ ಕರಿಕಂಬಳಿ ಹಾಸಬೇಕು. ನಡುವೆ ನೀರು ತುಂಬಿದ ಚೊಂಬು, ಅದರಲ್ಲಿ ಬೇವಿನ ಸೊಪ್ಪು. ಎರಡೂ ಕಡೆಯ ಸೋದರಮಾವಂದಿರು ಎದುರುಬದುರು ಕೂತು ಮಾತಾಡಬೇಕು. ಮಾತಾಡುವವನ ಮೊಣಕಾಲು ಕಂಬಳಿಗೆ ತಾಗಿರಬೇಕು. ತಾಗದವನ ಮಾತು ಗಾಳಿಮಾತು. ಆಡಿದ ಮಾತನ್ನು ಕಂಬಳಿ ಮಡಿಸುವವರೆಗೆ ತಿದ್ದಬಹುದು. ಮಡಿಸಿದ ಮೇಲೆ ಬ್ರಹ್ಮನೂ ತಿದ್ದಲಾರ. ಹೆಂಗಸರು ಕಂಬಳಿಯ ಮುಂದೆ ಬಾಯಿ ತೆರೆಯುವಂತಿಲ್ಲ. ಈ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ. ಗಂಡಸರೇ ಇರಬೇಕೆಂಬುದು ಅತ್ತೆಯ ಅನುಮಾನ.

ಮನೆತನದ ಹಳೆಯ ಕಂಬಳಿ ಹುಳು ತಿಂದು ಪುಡಿಯಾಗಿತ್ತು. ನೇಯುವ ಮಗ್ಗಗಳು ನಮ್ಮ ಸುತ್ತಮುತ್ತ ನಿಂತುಹೋಗಿದ್ದವು. ಹಿಂದಿನ ಒಂದು ನಿಶ್ಚಯಕ್ಕೆ ಬೇರೆ ದಾರಿಯಿಲ್ಲದೆ ತೇನಿಯ ಅಂಗಡಿಯಿಂದ ಹುಲಿಯ ಚಿತ್ರವಿದ್ದ ನುಣುಪು ಕಂಬಳಿ ತಂದು ಹಾಸಿದ್ದರು. ಸೋದರಮಾವಂದಿರು ಹುಲಿಯ ಎರಡು ಕಿವಿಗಳಿಗೆ ಮೊಣಕಾಲು ತಾಗಿಸಿ ಗಂಭೀರವಾಗಿ ಮಾತು ಕೊಟ್ಟರು. ಆ ಮದುವೆ ನಡೆಯುವ ಮುಂಚೆಯೇ ಮುರಿಯಿತು. ಹುಲಿಯನ್ನು ಯಾರೂ ಬಾಯಿಬಿಟ್ಟು ದೂರಲಿಲ್ಲ. ಆದರೆ ಆ ಕಂಬಳಿಯನ್ನು ಆಮೇಲೆ ಯಾರೂ ಹೊದ್ದುಕೊಂಡದ್ದನ್ನೂ ನಾನು ಕಾಣೆ.

ಈಗ ಅತ್ತೆಯ ಮೊಮ್ಮಗಳ ಸರದಿ ಬಂದಿತ್ತು. ಅವಳು ದಿಂಡಿಗಲ್ಲಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು, ಹಾಸ್ಟೆಲಿನಲ್ಲಿದ್ದಳು. ಮನುಷ್ಯರ ಒಳಗೇನಿದೆ ಎಂದು ನೋಡಿ ಹೇಳುವ ಕೆಲಸವಾದ್ದರಿಂದ ಅತ್ತೆಗೆ ಅದರ ಮೇಲೆ ವಿಶೇಷ ಗೌರವ. ವೇದಸಂದೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ನೂಲಿನ ಗಿರಣಿಗಳಿಗೆ ಬಿಡಿಭಾಗ ಮಾರುವ ಅಂಗಡಿ ಇಟ್ಟವನು. ದಿಂಡಿಗಲ್ ಹತ್ತಿರ, ಕೆಲಸಕ್ಕೂ ತೊಂದರೆಯಿಲ್ಲ, ಎಂದು ಎಲ್ಲರಿಗೂ ಸಮಾಧಾನವಾಗಿತ್ತು. ಮೊಮ್ಮಗಳು ಮಾತ್ರ ಒಂದು ಭಾನುವಾರ ಬಂದು ಅಜ್ಜಿಯ ಪಕ್ಕ ಕೂತು ಹೇಳಿದಳಂತೆ: "ಅಪ್ಪತ್ತಾ, ಹುಡುಗ ಸರಿ. ಕೆಲ್ಸ ಮಾತ್ರ ನಾ ಬುಡಲ್ಲ. ಅದನ್ನ ಅವ್ರ ಬಾಯಿಂದ ಕಂಬಳಿ ಮೇಲೆ ಹೇಳ್ಸು."

ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಾಗ ಈ ಪ್ರಸ್ತಾಪ ಆಗಿತ್ತು. ಅದಕ್ಕೇನು, ನಮ್ಮ ಮಗಳಿದ್ದ ಹಾಗೆ ಎಂದು ಹುಡುಗನ ಸೋದರಮಾವ ತಕ್ಷಣ ಒಪ್ಪಿದ್ದ. ಅತ್ತೆಗೆ ನಿದ್ದೆ ಕೆಡಿಸಿದ್ದು ಆ ತಕ್ಷಣವೇ. "ಯೋಚ್ನೆ ಮಾಡ್ದೆ ಒಪ್ಪೋನು, ಯೋಚ್ನೆ ಮಾಡ್ದೆ ಬುಡ್ತಾನೆ" ಎಂದು ನನ್ನೆದುರು ಬೆರಳುಜ್ಜಿದರು. ನಮ್ಮ ಕಡೆ ಮಾತಾಡಬೇಕಾಗಿದ್ದ ಹುಡುಗಿಯ ಸೋದರಮಾವನಾದರೋ ಪರಮ ಸಾಧು; ಎದುರಿನವರು ಮನೆಗೆ ಬೆಂಕಿ ಇಡುತ್ತೇವೆ ಎಂದರೂ "ಸಂತೋಷ" ಎನ್ನುವವನು. ಅತ್ತೆ ಸ್ವತಃ ಮಾತಾಡುವಂತಿಲ್ಲ. ಹೀಗಾಗಿ ಕಂಬಳಿಯಾದರೂ ಸರಿಯಾಗಿರಲಿ ಎಂದು ಅವರು ನಿರ್ಧರಿಸಿದ್ದರು. ನೇಯುವವರಿಲ್ಲದಿದ್ದರೆ ಕ್ರೋಶಾ ಹಾಕಿ ಮಾಡುವುದು. ಯಾರಿಗೂ ಹೇಳದೆ ಮಾಡುವುದು. ಮೊದಲೇ ಹೇಳಿದರೆ ಇದು ಕಂಬಳಿಯೇ ಅಲ್ಲವೆಂದು ತಗಾದೆ ತೆಗೆಯಲು ಜನಕ್ಕೆ ಸಮಯ ಸಿಗುತ್ತದೆ.

ನೂಲನ್ನು ಆಂಡಿಪಟ್ಟಿ ಕಡೆಯ ಕುರಿ ಸಾಕುವವರ ಮನೆಯಿಂದ ತರಿಸಿದ್ದರು. ತಂದವನ ಎದುರಿಗೇ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿ ಸುಟ್ಟು ಮೂಸಿದರಂತೆ. ಕೂದಲು ಸುಟ್ಟ ವಾಸನೆ ಬಂದರೆ ಕುರಿ, ಕರಗಿ ಅಂಟಾದರೆ ಪ್ಲಾಸ್ಟಿಕ್ಕು. ಕುರಿಯೇ ಎಂದು ರುಜುವಾತಾದ ಮೇಲೂ, ಯಾವ ಕುರಿ ಎಂದು ಕೇಳಿದರಂತೆ.

ನನ್ನ ಪಾಠ ಶುರುವಾಯಿತು. ಹೆಣಿಗೆಯ ಹೆಸರು ಹಾಗಲಕಾಯಿ. ಮುಗಿದ ಬಟ್ಟೆ ಮುಟ್ಟಿದರೆ ಹಾಗಲಕಾಯಿಯ ಮೈಯಂತೆ ಗುಳ್ಳೆಗುಳ್ಳೆಯಾಗಿ ಸಿಗುತ್ತದೆ. ಅದಕ್ಕೆ ಆ ಹೆಸರು. ನೋಡಿದರೆ ಬಹಳ ಕಷ್ಟದ ಕೆಲಸವೆನ್ನಿಸುತ್ತದೆ. ಅಸಲಿಗೆ ಅದರಲ್ಲಿರುವುದು ಎರಡೇ ಜಾತಿಯ ಕುಣಿಕೆ, ಒಂದು ಕುಳ್ಳ, ಒಂದು ಉದ್ದ. ಕುಳ್ಳನಿಗೆ, ಕೊಕ್ಕೆಯನ್ನು ತೂರಿಸಿ ನೂಲು ಎಳೆದುಕೊಂಡು ಕೊಕ್ಕೆಯ ಮೇಲಿರುವ ಎರಡನ್ನೂ ಒಟ್ಟಿಗೆ ದಾಟಿಸುವುದು. ಉದ್ದನಿಗೆ, ತೂರಿಸುವ ಮೊದಲೇ ನೂಲನ್ನು ಕೊಕ್ಕೆಗೆ ಒಂದು ಸುತ್ತು ಸುತ್ತಿಕೊಳ್ಳುವುದು, ಆಮೇಲೆ ಎರಡೆರಡಾಗಿ ದಾಟಿಸುವುದು. ಸಾಲಿಡೀ ಕುಳ್ಳ, ಉದ್ದ, ಕುಳ್ಳ, ಉದ್ದ. ತಿರುಗಿ ಬರುವಾಗ ಕುಳ್ಳನ ತಲೆಯ ಮೇಲೆ ಉದ್ದನನ್ನೂ ಉದ್ದನ ತಲೆಯ ಮೇಲೆ ಕುಳ್ಳನನ್ನೂ ಕೂರಿಸುವುದು. ಉದ್ದ ತಾನು ಕುಳ್ಳರ ನಡುವೆ ಇಕ್ಕಟ್ಟಿಗೆ ಸಿಕ್ಕಿ ಬೆನ್ನು ಬಾಗಿಸಿ ಉಬ್ಬುತ್ತಾನೆ, ಅದೇ ಗುಳ್ಳೆ. ಇಡೀ ವಿದ್ಯೆ ಇಷ್ಟೇ.

ಇಷ್ಟನ್ನು ಅತ್ತೆ ಒಂದೇ ಸಲಕ್ಕೆ ಹೇಳಲಿಲ್ಲ. ಮೊದಲ ಕೆಲವು ದಿನ ಕುಳ್ಳ ಮಾತ್ರ. ನಾನು ಬೀದಿಯಲ್ಲಿ ಅದನ್ನು ಯಾರ ಹತ್ತಿರವೂ ಬಾಯಿಬಿಡಲಿಲ್ಲವೆಂದು ಖಾತ್ರಿಯಾದ ಮೇಲೆ ಉದ್ದ. ಎರಡನ್ನೂ ಹೇಗೆ ಸೇರಿಸುವುದೆಂಬ ರಹಸ್ಯ ಆಮೇಲೆ, ಅದೂ ಕಿಟಕಿಗೆ ಬೆನ್ನು ಮಾಡಿ ಕೂತು.

ನನ್ನ ಕೈ ಬಹಳ ಬಿಗಿ. ಕೊಕ್ಕೆ ಒಳಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಅತ್ತೆ ನೋಡಿ, "ಯಾರ ಮೇಲೆ ಕೋಪ?" ಎಂದು ಕೇಳುತ್ತಿದ್ದರು. ಸಡಿಲ ಬಿಟ್ಟರೆ, "ಯಾರ ಮೇಲೆ ಇಷ್ಟು ಪ್ರೀತಿ?" ಸಾಲು ತಪ್ಪಿ ಉದ್ದನ ಮೇಲೆ ಉದ್ದ ಬಂದುಬಿಟ್ಟರೆ ಅವರು ಕಣ್ಣಿಂದ ನೋಡುತ್ತಿರಲಿಲ್ಲ, ಬೆರಳಾಡಿಸಿ, ಗುಳ್ಳೆ ತಪ್ಪಿದ ಜಾಗದಲ್ಲಿ ನಿಲ್ಲಿಸುತ್ತಿದ್ದರು. "ಇಲ್ಲಿ ನೀ ಯಾರನ್ನೋ ನಂಬಿದೀಯ." ನಿಜ, ಹಿಂದಿನ ಸಾಲು ಸರಿಯಾಗಿಯೇ ಇರುತ್ತದೆಂದು ನಂಬಿ ನೋಡದೆ ಹಾಕಿಕೊಂಡು ಹೋಗಿರುತ್ತಿದ್ದೆ. ಕೆಳಗಿರುವವನ ಮುಖ ನೋಡಿ ಮೇಲಿನವನನ್ನು ಕೂರಿಸು, ಹೋದ ಸಾಲಿನಲ್ಲಿ ಸರಿ ಇತ್ತು ಎಂದು ಈ ಸಾಲಿನಲ್ಲಿ ನಂಬಬೇಡ ಎಂಬುದೇ ಅವರ ಪಾಠದ ಸಾರ.

ಒಂದು ಮಧ್ಯಾಹ್ನ ನಾನು ಕಾಫಿ ಕುಡಿಯಲು ಎದ್ದು ಹೋಗಿ ಬಂದು ಮುಂದುವರಿಸಿದೆ. ಸಾಲು ಮುಗಿಯುವವರೆಗೆ ಅತ್ತೆ ಸುಮ್ಮನಿದ್ದರು. ಆಮೇಲೆ ಎಲ್ಲವನ್ನೂ ಎಳೆದು ಬಿಚ್ಚಿಬಿಟ್ಟರು. ನಾನಿಲ್ಲದಾಗ ಅವರೇ ಒಂದು ತಪ್ಪು ಕುಣಿಕೆ ಹಾಕಿಟ್ಟಿದ್ದರು, ನಾನು ನೋಡುತ್ತೇನೋ ಇಲ್ಲವೋ ಎಂದು. ಆ ದಿನದಿಂದ ನಾನು ಪ್ರತಿ ಸಲ ಕೂತೊಡನೆ ನಾನೇ ಹಾಕಿದ ಸಾಲನ್ನು ತಡವಿ ನೋಡತೊಡಗಿದೆ. ಅದನ್ನು ಕಂಡು ಅತ್ತೆಯ ಮುಖದಲ್ಲಿ ಮೊದಲ ಸಲ ಸಂತೋಷದಂಥದ್ದೇನೋ ಕಾಣಿಸಿತು. "ಈಗ ಒಸಿ ಬಂತು" ಎಂದರು.

ನಮ್ಮ ಗುಟ್ಟು ಊರಿಗೆ ಗುಟ್ಟಾಗಿಯೇ ಉಳಿಯಿತು, ಆದರೆ ಗುಟ್ಟಿದೆ ಎಂಬುದು ಉಳಿಯಲಿಲ್ಲ. ನಿವೃತ್ತ ಟೈಂಕೀಪರು ದಿನವೂ ಮಧ್ಯಾಹ್ನ ಮುದುಕಿಯ ಕೋಣೆಗೆ ಹೋಗುತ್ತಾನೆ, ಬಾಗಿಲು ಹಾಕಿಕೊಳ್ಳುತ್ತದೆ, ಬರುವಾಗ ಅಂಗಿಯ ಮೇಲೆ ಕಪ್ಪು ಕೂದಲು. ಬೀದಿಯವರು ಮಂತ್ರವಾದ ಎಂದುಕೊಂಡರು. ಅತ್ತೆಯ ಮಗ, ಅಂದರೆ ನನ್ನ ಮಚ್ಚಾನ್, ತೋಟವನ್ನು ನನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದೇನೆ ಎಂದುಕೊಂಡ. ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಸುತ್ತಿಗೆ ಇಲ್ಲೇನಾದರೂ ಇದೆಯಾ ಎಂದು ಬಾಗಿಲು ತಟ್ಟುತ್ತಿದ್ದ. ಇಷ್ಟು ಸಲ ಸುತ್ತಿಗೆ ಬೇಕಾದ ರೈತನನ್ನು ನಾನು ಕಂಡಿಲ್ಲ. ನನ್ನ ಹೆಂಡತಿ ಏನೂ ಅಂದುಕೊಳ್ಳಲಿಲ್ಲ. ಒಂದು ದಿನ ನನ್ನ ಅಂಗಿಯನ್ನು ಮೂಸಿ, ಕುರಿ ಎಂದು ಮಾತ್ರ ಹೇಳಿದಳು.

ಕಂಬಳಿ ಸಾಕಷ್ಟು ಉದ್ದವಾದ ದಿನ, ಕೊನೆಯ ಕುಣಿಕೆಯೊಳಗೆ ನೂಲಿನ ತುದಿ ತೂರಿಸಿ ಬಿಗಿದರೆ ಕೆಲಸ ಮುಗಿಯುತ್ತಿತ್ತು. ಅತ್ತೆ ನನ್ನ ಕೈ ಹಿಡಿದರು. ಕೊನೆಯ ಕುಣಿಕೆಯನ್ನು ಒಂದು ಪಿನ್ನಿಗೆ ಸಿಕ್ಕಿಸಿ, ನೂಲಿನ ಉಂಡೆಯನ್ನು ಹಾಗೆಯೇ ಅಂಟಿಕೊಂಡಿರಲು ಬಿಟ್ಟು, ಸುತ್ತಿ ಇಟ್ಟರು. ಕ್ರೋಶಾದ ಸ್ವಭಾವ ನಿಮಗೆ ತಿಳಿದಿರಲಿ: ಆ ಕೊನೆಯ ಕುಣಿಕೆ ಕಟ್ಟಿಲ್ಲದಿದ್ದರೆ ತುದಿ ಹಿಡಿದು ಎಳೆದಂತೆಲ್ಲ ಸಾಲಿಗೆ ಸಾಲು ಬಿಚ್ಚಿಕೊಂಡು ಬರುತ್ತದೆ. ಹೀಗೇಕೆ ಅತ್ತೆ, ಮುಗಿಸಿಬಿಡೋಣ ಎಂದೆ.

"ಮಾತು ಮುಗೀಲಿ, ಆಮೇಲೆ ಕಂಬಳಿ ಮುಗಿಸಾಣ" ಎಂದರು.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ನಿಶ್ಚಯ. ವೇದಸಂದೂರಿನವರು ಎರಡು ವ್ಯಾನಿನಲ್ಲಿ ಬಂದರು. ಅತ್ತೆ ತಾವೇ ಕಂಬಳಿ ಹಾಸಿದರು; ತಾವು ಹಾಕಿದ ಅರ್ಧ ನಮ್ಮ ಕಡೆಗೆ, ನಾನು ಹಾಕಿದ ಅರ್ಧ ಗಂಡಿನ ಕಡೆಗೆ. ಹಾಸಿ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಪಿನ್ನು ಕಿತ್ತುಕೊಂಡು, ಕಂಬದ ಮರೆಯಲ್ಲಿ ಹೆಂಗಸರ ಸಾಲಿನ ಮುಂದೆ ಕೂತರು. ಕಂಬದ ಈಚೆ ನಾನು. ನೂಲು ನೆಲದ ಮೇಲೆ, ಕಪ್ಪು ನೆಲದಲ್ಲಿ ಕಪ್ಪಾಗಿ, ಅವರ ಮಡಿಲಿಗೆ ಬಂದಿತ್ತು.

ಮೊದಲು ತಕರಾರೆದ್ದಿತು. ಗಂಡಿನ ಸೋದರಮಾವ ಕೂರುವ ಮೊದಲೇ ಬಗ್ಗಿ ಮುಟ್ಟಿ, ಇದೇನಿದು ಗುಳ್ಳೆಗುಳ್ಳೆ, ಕಂಬಳಿಗೆ ಸಿಡುಬಿನ ಅಮ್ಮ ಎದ್ದಿದ್ದಾಳೆಯೇ ಎಂದು ಕೇಳಿದ. ಅವನ ಕಡೆಯವರು ನಕ್ಕರು. ಮನೆತನದ ಹಿರಿಯ, ನಾವೆಲ್ಲ ದೊಡ್ಡಯ್ಯ ಎನ್ನುವವರು, ಕನ್ನಡಕ ಹಾಕಿ, ತೆಗೆದು, ಇದು ನೇಯ್ದದ್ದಲ್ಲವಲ್ಲ ಎಂದರು. ನಿಯಮವೇನೆಂದು ನಾನು ವಿನಯದಿಂದ ಕೇಳಿದೆ. ಅತ್ತೆ ನನಗೆ ಬಾಯಿಪಾಠ ಮಾಡಿಸಿದ್ದರು. ಕುರಿಯ ಕೂದಲಿರಬೇಕು, ಕಪ್ಪಿರಬೇಕು, ಕತ್ತರಿ ತಾಗಿರಬಾರದು. ಮೂರೂ ಇದೆ. ನೇಯ್ದಿರಬೇಕೆಂದು ಯಾರು ಹೇಳಿದ್ದಾರೆ? ದೊಡ್ಡಯ್ಯ ಬಹಳ ಹೊತ್ತು ಸೂರು ನೋಡಿದರು. ಯಾರೂ ಹೇಳಿದ್ದು ಅವರಿಗೆ ನೆನಪಾಗಲಿಲ್ಲ. ಬೆಂಕಿಪೊಟ್ಟಣ ತರಿಸಿ ಒಂದು ಕೂದಲು ಸುಟ್ಟು ಮೂಸಿ, "ಕುರಿಯೇ" ಎಂದು ತೀರ್ಪು ಕೊಟ್ಟರು. ಹುಲಿಗಿಂತ ಕುರಿ ವಾಸಿ ಎಂದು ಹಿಂದಿನಿಂದ ಯಾರೋ ಗೊಣಗಿದರು. ಸಭೆ ಕೂತಿತು.

ಗಂಡಿನ ಸೋದರಮಾವ ಮಾತಿನ ಮನುಷ್ಯ. ಹುಡುಗಿ ನಮ್ಮ ಮನೆಗೆ ಮಹಾಲಕ್ಷ್ಮಿ ಎಂದ. ಹೂ, ಸೀರೆ, ಮುಹೂರ್ತ, ಅಡುಗೆಯವರು ಎಲ್ಲವನ್ನೂ ಹೇಳಿದ. ನಮ್ಮ ಮಾವ ಪ್ರತಿಯೊಂದಕ್ಕೂ "ಸಂತೋಷ" ಎಂದ. ಕೆಲಸದ ವಿಷಯ ಬರಲೇ ಇಲ್ಲ. ನಮ್ಮ ಮಾವನಿಗೆ ಅದನ್ನು ಕೇಳಲು ಹೇಳಿಕೊಟ್ಟಿತ್ತು. ಅವನು ಚೊಂಬಿನ ಬೇವಿನ ಸೊಪ್ಪನ್ನು ನೋಡುತ್ತ ಕೂತಿದ್ದ.

ಕಂಬದ ಆಚೆ ಒಂದು ಕೈ ಮೆಲ್ಲಗೆ ಅಲುಗಿತು. ಕಂಬಳಿಯ ಆ ಅಂಚು ಹುಳು ಹರಿದ ಹಾಗೆ ಎಡದಿಂದ ಬಲಕ್ಕೆ ಕದಲಿತು. ಒಂದು ಸಾಲು ಹೋಯಿತು. ಮತ್ತೆ ಬಲದಿಂದ ಎಡಕ್ಕೆ. ಸುಕ್ಕುಸುಕ್ಕಾದ ನೂಲು ಕಂಬದ ಈಚೆಗೆ ನನ್ನ ತೊಡೆಯ ಮೇಲೆ ಬಂದು ಬಿತ್ತು, ಜೊತೆಗೆ ಒಂದು ಪಿಸುಮಾತು: "ಸುತ್ತು." ಆ ಸಾಲು ಹಾಕಲು ನಾನು ಪಟ್ಟ ಪಾಡು ನನಗೆ ಗೊತ್ತು. ಸುತ್ತಿದೆ.

ಗಂಡಿನ ಮಾವ ಚಪ್ಪರದ ವಿಷಯ ಮಾತಾಡುತ್ತಿದ್ದವನು ದೊಡ್ಡಯ್ಯನ ದೃಷ್ಟಿ ತನ್ನ ಮೊಣಕಾಲಿನ ಮೇಲಿರುವುದನ್ನು ಕಂಡು ಕೆಳಗೆ ನೋಡಿದ. ಮೊಣಕಾಲು ನೆಲದ ಮೇಲಿತ್ತು. ತಾನೇ ಹಿಂದೆ ಸರಿದಿರಬೇಕೆಂದುಕೊಂಡು ಮುಂದೆ ಜರುಗಿ ತಾಗಿಸಿದ. ಮೇಳದವರ ವಿಷಯ ಬಂತು. ಇನ್ನೆರಡು ಸಾಲು ಹೋದವು. ಮತ್ತೆ ಜ‌ರುಗಿದ. ಮೂರನೆಯ ಸಲ ಜರುಗುವ ಹೊತ್ತಿಗೆ ಅವನಿಗೂ ಚೊಂಬಿಗೂ ನಡುವೆ ಹೆಚ್ಚು ಜಾಗ ಉಳಿದಿರಲಿಲ್ಲ, ಮತ್ತು ಅವನು ಕೂತಲ್ಲಿಂದ ಹೊರಟು ಕಂಬದವರೆಗೆ ಹೋಗುವ ನೂಲನ್ನು ಸಭೆಯೆಲ್ಲ ನೋಡುತ್ತಿತ್ತು.

ಯಾರದು ಎಳೆಯುವುದು ಎಂದು ದೊಡ್ಡಯ್ಯ ಗುಡುಗಿದರು. ಹೆಂಗಸರು ಕಂಬಳಿಯ ಮುಂದೆ ಮಾತಾಡುವಂತಿಲ್ಲವೆಂದು ಗೊತ್ತಿಲ್ಲವೇ ಎಂದರು.

"ನಾ ಎಲ್ಲಿ ಮಾತಾಡ್ದೆ?" ಎಂದರು ಅತ್ತೆ.

ದೊಡ್ಡಯ್ಯ ಮತ್ತೆ ಸೂರು ನೋಡಿದರು. ಎಳೆಯಬಾರದೆಂದು ಯಾರೂ ಹೇಳಿದ್ದು ನೆನಪಿರಲಿಲ್ಲ. ಮಚ್ಚಾನ್ ಎದ್ದು ಬಂದು, ಅಮ್ಮಾ, ಮಗಳ ಬಾಳು ಹಾಳು ಮಾಡಬೇಡ ಎಂದು ಕೈಮುಗಿದ; ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅತ್ತೆ ಅವನ ಕಡೆ ನೋಡಲಿಲ್ಲ. ಇನ್ನೊಂದು ಸಾಲು ಎಳೆದರು. ಆಗ ದೊಡ್ಡಯ್ಯನೇ, ಬೇರೆ ದಾರಿ ಕಾಣದೆ, ಹುಡುಗಿಯ ಕೆಲಸದ ಬಗ್ಗೆ ನಿಮ್ಮ ಮಾತೇನು ಎಂದು ಗಂಡಿನ ಮಾವನನ್ನು ಕೇಳಿದರು.

ಅದು ಮದುವೆಯಾದ ಮೇಲೆ ಮನೆಯೊಳಗೆ ಕೂತು ಆಡುವ ಮಾತು, ಇಲ್ಲಿಗೇಕೆ ಎಂದ ಅವನು. ಮೊದಲ ಸಲ ಅವನ ಮಾತು ಚುಟುಕಾಗಿತ್ತು.

ನೂಲು ಮತ್ತೆ ಹರಿಯಿತು. ಆ ಮನುಷ್ಯ ಈ ಸಲ ಮುಂದೆ ಜರುಗಲಿಲ್ಲ. ಬರಿಯ ನೆಲದ ಮೇಲೆ, ಕೈಕಟ್ಟಿ, ಗೋಡೆ ನೋಡುತ್ತ ಕೂತ. ವ್ಯಾನಿನ ಚಾಲಕನನ್ನು ಕರೆಯಲು ಅವರ ಕಡೆಯ ಇಬ್ಬರು ಎದ್ದರು. ಮೊಮ್ಮಗಳು ಒಳಗಿನ ಬಾಗಿಲಿಗೆ ಬಂದು ನಿಂತಿದ್ದಳು.

ಆಗ ಹುಡುಗ ಎದ್ದು ಬಂದು ಮಾವನ ಮುಂದೆ, ಉಳಿದಿದ್ದ ಕಂಬಳಿಗೆ ಮೊಣಕಾಲು ತಾಗಿಸಿ ಕೂತ. ಮದುವೆಗಂಡು ತಾನೇ ಮಾತಾಡುವುದು ನಮ್ಮಲ್ಲಿ ಕಂಡದ್ದಲ್ಲ. ಮನೆಯಲ್ಲಿ ಅವಳ ಕೆಲಸ ಬಿಡಿಸಬೇಕೆಂದು ಮಾತಾಗಿದೆ, ನಾನು ಆಗ ಸುಮ್ಮನಿದ್ದೆ, ಸುಮ್ಮನಿದ್ದದ್ದು ತಪ್ಪಾಯಿತು ಎಂದು ತಮಿಳಿನಲ್ಲಿ ಹೇಳಿದ. ಅವನ ಮಾವ ಅವನ ಭುಜ ಹಿಡಿದೆಳೆದ; ಹುಡುಗ ಕದಲಲಿಲ್ಲ. ದೊಡ್ಡಯ್ಯ, ಹೇಳುವುದಿದ್ದರೆ ನಮ್ಮ ಮಾತಿನಲ್ಲಿ ಹೇಳಪ್ಪ, ಕಂಬಳಿಗೆ ಅದೇ ಗೊತ್ತಿರುವುದು ಎಂದರು. ಈಗಿನ ಹುಡುಗರಿಗೆ ನಮ್ಮ ಮಾತು ಕೇಳಿದರೆ ತಿಳಿಯುತ್ತದೆ, ಆಡಲು ಬಾಯಿ ಹೊರಳದು. ಅವನು ಬೆವರೊರೆಸಿಕೊಂಡ.

"ಅವಳು ಕೆಲ್ಸಕ್ಕೆ ಓಗ್ಲಿ. ನಾ ತಡಿಯಲ್ಲೆ. ಯಾರಾರ ತಡದ್ರೆ... ನಾ ಅವ್ರ ತಡಿತೀನಿ. ಅಡುಗೆ ನಂಗೂ ಒಸಿ ಬತ್ತದೆ." ಆಮೇಲೆ ಪದ ಸಿಗದೆ, "ಅಷ್ಟೇ" ಎಂದ.

ಒಳಗಿನ ಬಾಗಿಲಿನಿಂದ ನಗು ಕೇಳಿಸಿತು. ತಡೆಯಲು ನೋಡಿ ತಡೆಯಲಾಗದ ನಗು. ಕಂಬದ ಆಚೆಯ ಕೈ ನಿಂತಿತು.

ಅತ್ತೆಯ ಅನುಮಾನ ಪರಿಹಾರವಾಯಿತೆಂದು ನಾನು ಹೇಳಲಾರೆ. ಅವರು ಹುಡುಗನನ್ನು ಬಹಳ ಹೊತ್ತು ನೋಡಿದರು. ಕಲಿತು ಬಂದ ಮಾತು ಇಷ್ಟು ತಡವರಿಸಲಾರದು ಎಂದು ಆಮೇಲೆ ನನಗೆ ಹೇಳಿದರು. ಅಷ್ಟರಮಟ್ಟಿಗೆ ಅವನಿಗೆ ಅಂಕ ಸಿಕ್ಕಿತ್ತು. ನನ್ನ ಕಡೆ ತಿರುಗಿ, "ಕಟ್ಟು, ಮಾಪ್ಳೆ" ಎಂದರು. ಕತ್ತರಿ ತಾಗುವಂತಿರಲಿಲ್ಲವಾದ್ದರಿಂದ ನೂಲನ್ನು ಅವರೇ ಉಳಿದಿದ್ದ ಹಲ್ಲುಗಳಲ್ಲಿ ಕಡಿದು ಕೊಟ್ಟರು. ನಾನು ಸಭೆಯ ನಡುವೆ ಮಂಡಿಯೂರಿ ಕೊನೆಯ ಕುಣಿಕೆಯಲ್ಲಿ ತುದಿ ತೂರಿಸಿ ಬಿಗಿದೆ. ನನ್ನ ಬಿಗಿ ಕೈ ಅಂದು ಒಂದು ಉಪಯೋಗಕ್ಕೆ ಬಂತು. ನಮ್ಮ ಮಾವ "ಸಂತೋಷ" ಎಂದ. ಕಂಬಳಿ ಮಡಿಸಿದರು.

ಗಂಡಿನ ಮಾವ ಊಟಕ್ಕೆ ಏಳಲಿಲ್ಲ. ಎಲ್ಲರೂ ಕರೆದು ಸಾಕಾದ ಮೇಲೆ ಅತ್ತೆ ತಾವೇ ಎಲೆ ತಂದು ಅವನ ಮುಂದೆ ಹಾಕಿ ಪಾಯಸ ಬಡಿಸಿದರು. ಅವನು ಎಲೆಯನ್ನು ನೋಡಿದ, ಅತ್ತೆಯನ್ನು ನೋಡಿದ, ಪಾಯಸವನ್ನು ಮೂಸಿ ನೋಡಿದ. ಅತ್ತೆಗೆ ಅವನ ಮೇಲೆ ಸ್ವಲ್ಪ ಗೌರವ ಮೂಡಿದ್ದು ಆಗಲೇ ಎಂದು ನನ್ನ ಎಣಿಕೆ.

ಮಚ್ಚಾನ್ ತಾಯಿಯೊಡನೆ ಕೆಲವು ತಿಂಗಳು ಮಾತು ಬಿಟ್ಟ. ಅತ್ತೆ ಅದನ್ನು ಸಹಿಸಿಕೊಂಡರು. ಆದರೆ ಅವನು ಮತ್ತೆ ಮಾತಾಡಲು ಶುರುಮಾಡಿದಾಗ, ಈಗ ಇವನಿಗೆ ಏನು ಬೇಕಾಗಿದೆ ಎಂದು ನನ್ನನ್ನು ಕೇಳಿದರು. ಮೋಟಾದ ಕಂಬಳಿಯನ್ನು ಮತ್ತೆ ಉದ್ದ ಮಾಡೋಣವೇ ಎಂದರೆ ಒಪ್ಪಲಿಲ್ಲ. ಅದನ್ನೇ ಈಗ ಮನೆತನದ ಎಲ್ಲ ನಿಶ್ಚಯಗಳಿಗೂ ಹಾಸುತ್ತಾರೆ. ಸೋದರಮಾವಂದಿರು ಮೊದಲಿಗಿಂತ ಹತ್ತಿರ ಕೂರಬೇಕಾಗುತ್ತದೆ. ಮಾತಾಡುವ ಮುಂಚೆ ಅಂಚನ್ನು ಒಮ್ಮೆ ಎಳೆದು ನೋಡುವುದೂ ಈಗ ಶಾಸ್ತ್ರದಲ್ಲಿ ಸೇರಿಕೊಂಡಿದೆ.

ಮುಂದಿನ ವರ್ಷ ಅತ್ತೆಗೆ ಕೆಮ್ಮು ಹಿಡಿಯಿತು. ದಿಂಡಿಗಲ್ಲಿಗೆ ಕರೆದುಕೊಂಡು ಹೋದೆವು. ಎದೆಯ ಚಿತ್ರ ತೆಗೆದದ್ದು ಮೊಮ್ಮಗಳೇ. ಡಾಕ್ಟರು ನಗುತ್ತ ಏನೂ ಇಲ್ಲ, ಔಷಧಿ ತೆಗೆದುಕೊಂಡರೆ ಸರಿಹೋಗುತ್ತದೆ ಎಂದರು. ಅತ್ತೆ ಡಾಕ್ಟರ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವರ ಹಿಂದೆ ನಿಂತಿದ್ದ ಮೊಮ್ಮಗಳ ಮುಖ ನೋಡಿದರು. ಆಮೇಲೆ ಯಾರನ್ನೂ ಏನನ್ನೂ ಕೇಳಲಿಲ್ಲ. ಬರುವಾಗ ಬತ್ಲಗುಂಡಿನ ಹತ್ತಿರ ವ್ಯಾನು ನಿಲ್ಲಿಸಿ ಎಳನೀರು ಕುಡಿದೆವು. ನನ್ನ ಕೈಯಲ್ಲಿದ್ದ ಎಳನೀರನ್ನು ತೋರಿಸಿ, "ನೋಡ್ಕಂಡು ಕುಡಿ" ಎಂದರು. ಅವರು ನನಗೆ ಹೇಳಿದ ಕೊನೆಯ ಪೂರ್ತಿ ಮಾತು ಅದು. ನವರಾತ್ರಿ ಬರುವ ಪುರಟ್ಟಾಸಿ ತಿಂಗಳಲ್ಲಿ ತೀರಿಕೊಂಡರು.

ನಾನು ಈಗಲೂ ಮಧ್ಯಾಹ್ನದ ಹೊತ್ತು ಕಡ್ಡಿ ಹಿಡಿದು ಕೂರುತ್ತೇನೆ. ಬಾಗಿಲು ಹಾಕಿಕೊಳ್ಳುವುದಿಲ್ಲ. ಹಾಗಲಕಾಯಿಯೊಂದೇ ನನಗೆ ಬರುವುದು. ಕೆಳಗಿನವನ ಮುಖ ನೋಡದೆ ಮೇಲಿನವನನ್ನು ಕೂರಿಸಿದ್ದಿಲ್ಲ.

ಮದುವೆ ನಿಶ್ಚಯವಾದ ವರ್ಷವೇ, ಬೇಸಗೆಯ ವೈಕಾಸಿ ತಿಂಗಳಲ್ಲಿ ನಡೆದಿತ್ತು. ಮೊಮ್ಮಗಳು ಕೆಲಸ ಬಿಟ್ಟಿಲ್ಲ. ಬೆಳಿಗ್ಗೆ ವೇದಸಂದೂರಿನಿಂದ ದಿಂಡಿಗಲ್ಲಿಗೆ ಹೋಗಿ ಸಂಜೆ ವಾಪಸು ಬರುತ್ತಾಳೆ.